ಡ್ಯೂಟಿ ಪಟ್ಟಿಯೊಳಗೆ ನುಗ್ಗುವ ದಾಳದ ಸಾಲ

ಸೈನ್ಯದಲ್ಲಿ ಹವಾಲ್ದಾರ್ ಆಗಿದ್ದು ನಿವೃತ್ತನಾದ ಮೇಲೆ ತೋರಣಗಲ್ಲು ಕಡೆ ಸೆಕ್ಯುರಿಟಿ ಸೂಪರ್‌ವೈಸರ್ ಆಗಿದ್ದೇನೆ. ಹೊಸದಾಗಿ ಸೂಪರ್‌ವೈಸರ್ ಆದ ಹುಡುಗರು ರಿಜಿಸ್ಟರ್, ಶಿಫ್ಟ್, ರಜೆ ಬಗ್ಗೆ ಕೇಳುತ್ತಾರೆ. ನಾನು ಮೊದಲು ಜೂಜಿನ ಬಗ್ಗೆ ಹೇಳುತ್ತೇನೆ.

ಬ್ಯಾರಕ್‌ನಲ್ಲಿ ಸಂಜೆ ರೋಲ್ ಕಾಲ್ ಮುಗಿದರೆ ಹೊತ್ತು ಹೋಗುವುದಿಲ್ಲ. ಮನೆ ದೂರ, ಸಂಬಳ ಕೈಯಲ್ಲಿ. ಇಸ್ಪೀಟಂತೂ ಇದ್ದದ್ದೇ. ಉತ್ತರದ ಹುಡುಗರಿಗೆ ಝಂಡಿ ಮುಂಡಾ ಗೊತ್ತು. ಆರು ದಾಳ, ಪ್ರತಿ ದಾಳದಲ್ಲೂ ಬಾವುಟ, ಕಿರೀಟ ಮತ್ತು ಇಸ್ಪೀಟಿನ ನಾಲ್ಕು ಗುರುತು. ನೇಪಾಳದವರು ಇದನ್ನೇ ಲಂಗೂರ್ ಬುರ್ಜಾ ಅನ್ನುತ್ತಾರೆ. ಬ್ರಿಟಿಷ್ ಸಿಪಾಯಿಗಳ ಕ್ರೌನ್ ಅಂಡ್ ಆಂಕರ್ ಕೂಡ ಇದೇ ಮನೆತನದ್ದು. ಅಲ್ಲಿ ಬಾವುಟದ ಬದಲು ಲಂಗರು, ದಾಳ ಮೂರೇ. ಅವರ ಸೈನ್ಯ ಅದನ್ನು ನಿಷೇಧಿಸಿ, ಚೀಟಿಯಲ್ಲಿ ಅಂಕಿ ಹೊಡೆಯುವ ಹೌಸಿ ಆಟಕ್ಕೆ ಮಾತ್ರ ಅನುಮತಿ ಕೊಟ್ಟಿತ್ತು. ಈಗಲೂ ಮೆಸ್‌ಗಳಲ್ಲಿ ತಂಬೋಲಾ ಆಡಿಸುತ್ತಾರಲ್ವಾ, ಅದೇ ಆಟ.

ಮೂರು ದಾಳದ ಲೆಕ್ಕ ಎಲ್ಲರಿಗೂ ಗೊತ್ತಿರಬೇಕು. ಒಂದು ಗುರುತಿನ ಮೇಲೆ 10 ರೂಪಾಯಿ ಕಟ್ಟಿದಿರಿ ಅನ್ನಿ. ಒಂದು ದಾಳದಲ್ಲಿ ಬಿದ್ದರೆ 10 ರೂಪಾಯಿ ಲಾಭ, ಎರಡರಲ್ಲಿ 20, ಮೂರರಲ್ಲೂ ಬಿದ್ದರೆ 30. ಬೀಳದಿದ್ದರೆ ಕಟ್ಟಿದ 10 ಹೋಯಿತು. ಮೂರು ದಾಳ, ಆರು ಗುರುತು, ಹಾಗಾಗಿ ಅರ್ಧಕ್ಕರ್ಧ ಅನ್ನಿಸುತ್ತದೆ. ಅಲ್ಲ. ದಾಳಗಳು ಬೀಳುವ ರೀತಿ 216. ಅದರಲ್ಲಿ 125 ಸಲ ನಿಮ್ಮ ಗುರುತು ಕಾಣುವುದೇ ಇಲ್ಲ. 75 ಸಲ ಒಂದು, 15 ಸಲ ಎರಡು, ಒಂದೇ ಒಂದು ಸಲ ಮೂರೂ. ಕೂಡಿ ಕಳೆದರೆ, 216 ಸಲ ಹತ್ತು ಹತ್ತರಂತೆ 2,160 ರೂಪಾಯಿ ಕಟ್ಟಿದವನು ಸರಾಸರಿ 170 ಕಳೆದುಕೊಳ್ಳುತ್ತಾನೆ. ಅದು ಬಟ್ಟೆ ಹಾಸಿ ಆಟ ಆಡಿಸುವವನ ಜೇಬಿಗೆ. ಅವನು ಮೋಸ ಮಾಡಬೇಕಾಗಿಯೇ ಇಲ್ಲ.

ಆದರೆ ನನಗೆ ದುಡ್ಡಿಗಿಂತ ಸಾಲದ ಚಿಂತೆ ಜಾಸ್ತಿ. ಹವಾಲ್ದಾರ್ ಸಿಪಾಯಿಗೆ ಸೋತು ಬಾಕಿ ಉಳಿಸಿಕೊಂಡರೆ, ರಾತ್ರಿ ಪಹರೆಗೆ ಆ ಸಿಪಾಯಿಯ ಹೆಸರು ಬರೆಯಲು ಕೈ ಬರುವುದಿಲ್ಲ. ಸಿಪಾಯಿ ಸೋತರೆ ಅವನ ರಜೆಯೇ ಒತ್ತೆಗೆ ಹೋದ ಹಾಗೆ. ಉಳಿದವರು ಬಾಯಿ ಬಿಡದಿದ್ದರೂ ಎಲ್ಲ ನೋಡುತ್ತಿರುತ್ತಾರೆ. ಶಿಸ್ತು ಕೆಡಿಸುವ ನಡತೆಗೆ 1950ರ ಸೇನಾ ಕಾಯ್ದೆಯಲ್ಲಿ 63ನೇ ಕಲಂ ಇದೆ. ಅದು ಕೈಗೆ ಬರುವ ಹೊತ್ತಿಗೆ ತುಕಡಿಯ ನಂಬಿಕೆ ಹೋಗಿರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಜಾನ್ ಸ್ಕಾರ್ನ್ ಎಂಬ ಅಮೆರಿಕದ ಜಾದೂಗಾರ ಸೈನಿಕರ ವಾರಪತ್ರಿಕೆಯಲ್ಲಿ ದಾಳ, ಇಸ್ಪೀಟಿನ ಮೋಸಗಳನ್ನು ಬಿಡಿಸಿ ಬರೆದ. ಸುಮ್ನೆ ಬೈಯುವುದಕ್ಕಿಂತ ಅದು ಎಷ್ಟೋ ಮೇಲು. ನಾನೂ ಕಾವಲು ಹುಡುಗರನ್ನು ಕೂರಿಸಿಕೊಂಡು, ದುಡ್ಡಿನ ಬದಲು ಹುಣಸೆ ಬೀಜ ಇಟ್ಟು, ದಾಳ ಉರುಳಿಸಿ ಲೆಕ್ಕ ತೋರಿಸುತ್ತೇನೆ. ಬೀಜದ ರಾಶಿ ಒಂದೇ ಕಡೆ ಬೆಳೆಯುವುದನ್ನು ಕಂಡರೆ ಅವರೇ ಮಾತು ಶುರು ಮಾಡುತ್ತಾರೆ.

ಸೂಪರ್‌ವೈಸರ್‌ಗಳೇ, ನೀವು ಆಡಬೇಡಿ, ಕೈಕೆಳಗಿನವರ ಹತ್ತಿರ ಕೈಗಡವೂ ಬೇಡ. ಸಂಬಳದ ವಾರ ಡ್ಯೂಟಿ ಬದಲಾವಣೆಯ ರಿಜಿಸ್ಟರ್ ತೆಗೆದು ನೋಡಿ. ಒಬ್ಬನೇ ಹುಡುಗ ಪದೇಪದೇ ಒಬ್ಬನ ರಾತ್ರಿ ಪಾಳಿ ಹೊರುತ್ತಿದ್ದರೆ ಅದು ಸ್ನೇಹವೂ ಇರಬಹುದು, ಸೋತ ಬಾಕಿಯೂ ಇರಬಹುದು. ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿ, ಪಾಳಿ ಹೊರುತ್ತಿರುವವನನ್ನು ಮೊದಲು. ಬಾಕಿ ಅಂತ ಗೊತ್ತಾದರೆ ಆ ಅದಲುಬದಲು ಅವತ್ತೇ ನಿಲ್ಲಿಸಿ.