ಕಲಬುರಗಿ ಬಿಸಿಲಿನಲ್ಲಿ ಎರಡಡಿಯ ಹವಳದ ಟ್ಯಾಂಕ್: ಸ್ಟ್ಯಾಂಡ್‌ನಿಂದ ಮೇ ತಿಂಗಳವರೆಗೆ

ನವೆಂಬರ್: ಜಾಗ, ಭಾರ

ಮನೆಯಲ್ಲೇ ಉಪ್ಪು ನೀರಿನ ಗಾಜಿನ ಟ್ಯಾಂಕಿನಲ್ಲಿ ಹವಳ, ಮೀನು ಸಾಕುವ ಆಸೆ. ಅಳತೆ ಗಟ್ಟಿಯಾಯಿತು. ಟ್ಯಾಂಕ್ 24 ಇಂಚು ಉದ್ದ, 18 ಅಗಲ, 16 ಎತ್ತರ. ಗಾಜು 10 ಮಿಲಿಮೀಟರ್. ಅದರ ಕೆಳಗೆ ಸ್ಟ್ಯಾಂಡ್ ಒಳಗೆ 18-12-12 ಇಂಚಿನ ಇನ್ನೊಂದು ಗಾಜಿನ ತೊಟ್ಟಿ. ಇದಕ್ಕೂ ಸಂಪ್ ಅಂತಾನೇ ಹೆಸರು. ನೀರು ಮೇಲಿಂದ ಇದಕ್ಕೆ ಇಳಿದು, ಶುದ್ಧವಾಗಿ, ಪಂಪ್‌ನಲ್ಲಿ ಮತ್ತೆ ಮೇಲೆ ಹೋಗುತ್ತದೆ.

ಟ್ಯಾಂಕ್‌ಗೆ ಇನ್ನೂ ಆರ್ಡರ್ ಕೊಟ್ಟಿಲ್ಲ. ಮೊದಲು ಸ್ಟ್ಯಾಂಡ್. ನಮ್ಮ ಊರಿನಲ್ಲಿ ಮೇ ತಿಂಗಳು 42, 43 ಡಿಗ್ರಿ ಮಾಮೂಲು. ಹವಳಕ್ಕೆ ಬೇಕಾದ್ದು 24ರಿಂದ 27. ನೀರು ತಣ್ಣಗಿರುತ್ತೋ ಇಲ್ವೋ ಅನ್ನೋದರ ಅರ್ಧ ಭಾಗ ಸ್ಟ್ಯಾಂಡ್‌ನಲ್ಲೇ ತೀರ್ಮಾನ ಆಗಿಬಿಡುತ್ತದೆ. ಹೊರಗಿನ ಊರುಗಳ ಫೋಟೋಗಳಲ್ಲಿ ಕಾಣುವ ಸ್ಟ್ಯಾಂಡ್‌ಗಳೆಲ್ಲ ಮುಚ್ಚಿದ ಕಪಾಟು. ನೋಡೋಕೆ ಚೆಂದ. ಇಲ್ಲಿ ಹಾಗೆ ಮಾಡಿದರೆ ಪಂಪಿನ ಬಿಸಿ, ಸಂಪಿನ ಆವಿ ಎರಡೂ ಒಳಗೇ ಉಳಿಯುತ್ತವೆ. ಹಾಗಾಗಿ ನಾನು ಮಾಡಿಸುವ ಸ್ಟ್ಯಾಂಡ್‌ಗೆ ಹಿಂದೆ ಹಲಗೆ ಇಲ್ಲ, ಬದಿಗಳಲ್ಲಿ ಜಾಳಿಗೆ, ಮುಂದೆ ಮಾತ್ರ ಬಾಗಿಲು.

ಜಾಗ ಒಳಕೋಣೆಯ ಉತ್ತರದ ಗೋಡೆ. ಹಳೇ ಕಲ್ಲಿನ ಗೋಡೆ, ದಪ್ಪ ಇದೆ, ಪಶ್ಚಿಮದ ಬಿಸಿಲು ತಾಗುವುದಿಲ್ಲ. ಮನೆಯಲ್ಲಿ ಬೇಸಿಗೆಯ ಮಧ್ಯಾಹ್ನ ಎಲ್ಲರೂ ಬಂದು ಮಲಗುವ ಕೋಣೆ ಅದು. ಎಲ್ಲರಿಗಿಂತ ಜಾಸ್ತಿ ತಂಪು ಬೇಕಾದವರು ಇನ್ನು ಮುಂದೆ ಅಲ್ಲಿರುತ್ತಾರೆ.

ಭಾರದ ಲೆಕ್ಕ ಹೀಗಿದೆ: ಎರಡೂ ತೊಟ್ಟಿ ಸೇರಿ ನೀರು ಸುಮಾರು 115 ಕೆಜಿ, ಗಾಜು 40, ಕಲ್ಲು-ಮರಳು 20, ಸೇರಿಸುವ ನೀರಿನ ಡಬ್ಬ 20, ಸ್ಟ್ಯಾಂಡ್‌ದೇ 50ರ ಮೇಲೆ. ಹತ್ತಿರ ಹತ್ತಿರ ಎರಡೂವರೆ ಕ್ವಿಂಟಲ್. ನೆಲದ ಮೇಲಿನ ಮನೆ, ಕೆಳಗೆ ಮಣ್ಣು. ಆ ಚಿಂತೆ ಇಲ್ಲ. ಮಹಡಿ ಮೇಲೆ ಇಡುವವರು ಮಾತ್ರ ತೊಲೆ ಎಲ್ಲಿದೆ, ಗೋಡೆ ಎಲ್ಲಿದೆ ಅಂತ ನೋಡಿಯೇ ಜಾಗ ಗೊತ್ತು ಮಾಡಬೇಕು.

ಡಿಸೆಂಬರ್: ಕಬ್ಬಿಣ ಮತ್ತು ಫರಸಿ

ರಿಂಗ್ ರೋಡಿನ ವೆಲ್ಡಿಂಗ್ ಅಂಗಡಿಯಲ್ಲಿ ಚೌಕಟ್ಟು ಹಾಕಿಸಿದೆ. ಒಂದೂವರೆ ಇಂಚಿನ ಚೌಕ ಪೈಪ್, 2 ಮಿಲಿಮೀಟರ್ ದಪ್ಪ. ಎತ್ತರ 32 ಇಂಚು. ವೆಲ್ಡಿಂಗ್ ಮಾಡುವ ಭಾಯ್ ಚಿತ್ರ ನೋಡಿ ಕೇಳಿದರು, "ಇಷ್ಟು ಸಣ್ಣ ಟೇಬಲ್‌ಗೆ ಇಷ್ಟು ಪೈಪ್ ಯಾಕ್ರಿ ಸರ್? ತಿಜೋರಿ ಇಡ್ತೀರೇನು?"

"ಎರಡೂವರೆ ಕ್ವಿಂಟಲ್ ಬರ್ತದ ಭಾಯ್, ಗಾಜಿಂದು."

"ಹಂಗಿದ್ರ ನಡುವ ಒಂದು ಅಡ್ಡಪಟ್ಟಿ ಹೊಡಿಬೇಕ್ರಿ. ಕಾಲಿನ ಮ್ಯಾಲೆ ಕೂಡಬೇಕು ಭಾರ, ವೆಲ್ಡಿಂಗ್ ಮ್ಯಾಲೆ ಅಲ್ಲ."

ಎಷ್ಟು ಸರಿಯಾದ ಮಾತು! ಮೇಲಿನ ಚೌಕ ನೇರವಾಗಿ ಕಾಲುಗಳ ತಲೆಯ ಮೇಲೇ ಕೂರುವ ಹಾಗೆ ಕತ್ತರಿಸಿದರು. ಕಾಲಿನ ಬದಿಗೆ ತಂದು ಅಂಟಿಸಿದರೆ ಅಷ್ಟೂ ಭಾರ ಬೆಸುಗೆಯ ಮೇಲೆ ನೇತಾಡುತ್ತದೆ. ಗುನ್ಯಾ ಇಟ್ಟು ಮೂಲೆ ನೋಡಿದರು, ಕರ್ಣ ಎರಡೂ ಕಡೆ ಅಳೆದರು, ಆಮೇಲೆ ಪೂರ್ತಿ ಬೆಸೆದರು. ಪೈಪಿನ ತೆರೆದ ಬಾಯಿಗಳನ್ನೆಲ್ಲ ತಗಡು ಹಾಕಿ ಮುಚ್ಚಿಸಿದೆ. ಉಪ್ಪು ನೀರಿನ ಹನಿ ಒಳಗೆ ಹೋದರೆ ಕಬ್ಬಿಣ ಒಳಗಿನಿಂದ ತುಕ್ಕು ಹಿಡಿಯುತ್ತದೆ, ಹೊರಗೆ ಕಾಣುವಷ್ಟರಲ್ಲಿ ಪೈಪ್ ಖಾಲಿಯಾಗಿರುತ್ತದೆ. ರೆಡ್ ಆಕ್ಸೈಡ್ ಎರಡು ಕೋಟ್, ಅದರ ಮೇಲೆ ಎಪಾಕ್ಸಿ ಪೇಂಟ್ ಎರಡು ಕೋಟ್.

ಮೇಲೆ ಹಾಸಲು ಪ್ಲೈವುಡ್ ಬದಲು ಶಹಾಬಾದ್ ಫರಸಿ ತಗೊಂಡೆ. ಒಂದೂಕಾಲು ಇಂಚು ದಪ್ಪ, 26-20 ಇಂಚು. ಪ್ಲೈ ಎಷ್ಟೇ ಒಳ್ಳೆಯದಾದರೂ ಉಪ್ಪು ನೀರು ಕುಡಿದು ಅಂಚು ಉಬ್ಬುತ್ತದೆ. ಫರಸಿ ಉಬ್ಬುವುದಿಲ್ಲ. ಆದರೆ ಅದಕ್ಕೂ ಒಂದು ಕಾಟ ಇದೆ: ಪದರ ಪದರವಾದ ಕಲ್ಲು. ಉಪ್ಪು ನೀರು ಪದರದೊಳಗೆ ಇಳಿದು ಒಣಗಿದರೆ ಉಪ್ಪಿನ ಹರಳು ಬೆಳೆದು ಪದರ ಎಬ್ಬಿಸುತ್ತದೆ. ಅದಕ್ಕೆ ಮೇಲೆ, ಕೆಳಗೆ, ನಾಲ್ಕೂ ಅಂಚಿಗೆ ಬಣ್ಣವಿಲ್ಲದ ಎಪಾಕ್ಸಿ ಬಳಿದೆ. ಅಂಚು ಕೈಯಿಂದ ಮುಟ್ಟಿ ನೋಡಿದರೆ ಪುಸ್ತಕದ ಹಾಳೆಗಳ ಅಂಚಿನ ಹಾಗೆ ಗೆರೆ ಗೆರೆ ಸಿಗುತ್ತದೆ. ಬ್ರಷ್‌ನಲ್ಲಿ ಬಳಿಯುವಾಗ ಕಲ್ಲು ಅಲ್ಲೇ ಎಪಾಕ್ಸಿ ಜಾಸ್ತಿ ಕುಡಿಯಿತು.

ಈ ಕಲ್ಲಿನ ಬಗ್ಗೆ ನನಗೊಂದು ಪ್ರೀತಿ ಇದೆ. ಶಹಾಬಾದ್, ಸೇಡಂ, ವಾಡಿ ಕಡೆಯ ಸುಣ್ಣಕಲ್ಲೆಲ್ಲ ಒಂದು ಕಾಲದ ಆಳವಿಲ್ಲದ ಸಮುದ್ರದ ತಳದ ಕೆಸರು. ಹವಳ ಅನ್ನೋ ಜೀವಿ ಹುಟ್ಟುವುದಕ್ಕೂ ಮುಂಚಿನ ಸಮುದ್ರ. ಇಲ್ಲಿ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಆ ಸುಣ್ಣಕಲ್ಲಿಗಾಗಿ. ಹಾಗಾದರೆ ಟ್ಯಾಂಕ್ ಒಳಗೂ ಇದೇ ಕಲ್ಲು ಹಾಕಬಹುದಲ್ವಾ ಅಂತ ಗೆಳೆಯರೊಬ್ಬರು ಕೇಳಿದರು. ಹಾಕಿ ಪ್ರಯೋಜನ ಕಡಿಮೆ. ಫರಸಿ ಬಹಳ ಗಟ್ಟಿ, ರಂಧ್ರಗಳಿಲ್ಲ. ರೀಫ್ ಟ್ಯಾಂಕಿನಲ್ಲಿ, ಅಂದ್ರೆ ಹವಳ ಸಾಕುವ ಟ್ಯಾಂಕಿನಲ್ಲಿ, ಕಲ್ಲಿನ ಮುಖ್ಯ ಕೆಲಸ ಬ್ಯಾಕ್ಟೀರಿಯಾಗೆ ಮನೆ ಕೊಡುವುದು. ಅದಕ್ಕೆ ಸ್ಪಂಜಿನಂತೆ ತೂತು ತೂತಾದ ಕಲ್ಲೇ ಬೇಕು.

ಮಟ್ಟದ ವಿಷಯಕ್ಕೆ ಬರ್ತೀನಿ. ನೆಲವೂ ಹಳೇ ಫರಸಿಯೇ, ಒಂದು ಮೂಲೆ ತಗ್ಗು. ಕಾಲುಗಳಿಗೆ ತಿರುಗಿಸುವ ಬೋಲ್ಟ್, ಅದರ ಕೆಳಗೆ ಅಗಲ ಪಟ್ಟಿ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಗೌಂಡಿಗಳು ನೋಡುವ ಹಾಗೆ ನಾಲ್ಕೂ ಮೂಲೆಯ ಮಟ್ಟ ನೋಡಿದೆ. ಫರಸಿ ಮೇಲೆ 10 ಮಿಲಿಮೀಟರ್ ಫೋಮ್ ಹಾಳೆ. ಕಲ್ಲಿನ ಸಣ್ಣ ಏರುತಗ್ಗು ನೇರವಾಗಿ ಗಾಜಿಗೆ ತಾಗಿದರೆ ಅಲ್ಲೇ ಬಿರುಕು ಶುರುವಾಗುತ್ತದೆ.

ಜನವರಿ: ನೀರು

ಟ್ಯಾಂಕ್ ಹೈದರಾಬಾದಿನಿಂದ ಬಂತು. ಮೊದಲು ಬೋರಿನ ನೀರು ತುಂಬಿ ಸೋರಿಕೆ ನೋಡಿ ಖಾಲಿ ಮಾಡಿದೆ.

ಆಮೇಲೆ ಕರೆಂಟ್ ಹೋದ ಪರೀಕ್ಷೆ. ಇದನ್ನು ಪ್ರತಿಯೊಬ್ಬರೂ ಮಾಡಲೇಬೇಕು. ಪಂಪ್ ನಿಂತಾಗ ಮೇಲಿನ ಟ್ಯಾಂಕಿನ ನೀರು ಪೈಪಿನಲ್ಲಿ ಹಿಂದಕ್ಕೆ ಇಳಿಯುತ್ತದೆ. ನಮ್ಮ ಟ್ಯಾಂಕಿನಲ್ಲಿ ಒಂದು ಇಂಚು ನೀರು ಅಂದ್ರೆ ಆರೂವರೆ ಲೀಟರ್. ಸಂಪಿನಲ್ಲಿ 7 ಇಂಚು ನೀರು ನಿಲ್ಲಿಸಿದರೆ ಮೇಲೆ 15 ಲೀಟರಿನಷ್ಟು ಖಾಲಿ ಜಾಗ ಉಳಿಯುತ್ತದೆ. ನೀರು ಮರಳುವ ಪೈಪಿಗೆ ಮೇಲ್ಮೈಯಿಂದ ಒಂದು ಇಂಚಿಗಿಂತ ಸ್ವಲ್ಪ ಕಡಿಮೆ ಆಳದಲ್ಲಿ ತೂತು ಕೊರೆದಿದ್ದೇನೆ. ನೀರು ಅಲ್ಲಿಗೆ ಇಳಿದ ಕೂಡಲೇ ಗಾಳಿ ಎಳೆದು ಹರಿವು ನಿಲ್ಲುತ್ತದೆ. ಸ್ವಿಚ್ ಆಫ್ ಮಾಡಿದೆ, ಸಂಪ್ ತುಂಬಿ ನಿಂತ ಜಾಗಕ್ಕೆ ಮಾರ್ಕರ್‌ನಿಂದ ಗೆರೆ ಹಾಕಿದೆ. ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗಿ ಬಂದರೂ ನೆಲ ಒದ್ದೆಯಾಗುವುದಿಲ್ಲ.

ವೈರಿಂಗ್‌ಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿಸಿದೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್ ಅದು. ಉಪ್ಪು ನೀರು, ಕರೆಂಟ್, ಒದ್ದೆ ಕೈ ಮೂರೂ ಒಂದೇ ಕಡೆ ಇರುವ ಜಾಗ ಇದು. ಬೋರ್ಡ್ ಸ್ಟ್ಯಾಂಡ್ ಹೊರಗೆ, ಸಂಪಿನ ನೇರಕ್ಕೆ ಇಲ್ಲ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೆ ಹೋಗುತ್ತದೆ. ಹನಿ ಬಂದರೆ ಅಲ್ಲೇ ತೊಟ್ಟಿಕ್ಕಲಿ ಅಂತ.

ನಮ್ಮ ಬೋರಿನ ನೀರು ಗಡಸು. ಮನೆಯ ಆರ್‌ಒ ನೀರೂ ಬೇಕಾದಷ್ಟು ಶುದ್ಧ ಅಲ್ಲ, ಬಹಳ ಯಂತ್ರಗಳಲ್ಲಿ ರುಚಿಗೆ ಅಂತ ಸ್ವಲ್ಪ ಹಸಿ ನೀರು ಬೆರೆಸುವ ವಾಲ್ವ್ ಇರುತ್ತದೆ. ಅದನ್ನು ಪೂರ್ತಿ ಮುಚ್ಚಿಸಿ, ಆಮೇಲೆ ಉಳಿದ ಲವಣ ಹಿಡಿದುಕೊಳ್ಳುವ ಡಿಐ ರೆಸಿನ್ ಕೊಳವೆ ಹಾಕಿ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಅಳತೆ) ಸೊನ್ನೆಗೆ ತಂದೆ. ಲೀಟರಿಗೆ ಸುಮಾರು 36 ಗ್ರಾಂ ರೀಫ್ ಉಪ್ಪು, ಉಪ್ಪಿನಂಶ ಸಾವಿರಕ್ಕೆ 35. ಅಡುಗೆ ಉಪ್ಪು ಆಗುವುದಿಲ್ಲ, ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲಾ ಇರಬೇಕು.

ಕಲ್ಲು ಪೂರ್ತಿ ಒಣ ಕಲ್ಲು, ಮನುಷ್ಯ ಮಾಡಿದ್ದು. ಸಮುದ್ರದ ಹವಳದ ದಿಬ್ಬದಿಂದ ಕಿತ್ತು ತಂದ, ಜೀವಿಗಳು ಅಂಟಿದ ಕಲ್ಲು (ಜೀವಂತ ಕಲ್ಲು ಅಂತಾರೆ) ಬೇಡವೇ ಬೇಡ. ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಗೆ. ನಮ್ಮ ರಾಜ್ಯದ್ದೇ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ. ಅದು ಅಲ್ಲೇ ಇರಲಿ.

ತಿಂಗಳೆಲ್ಲ ಮೀನು, ಹವಳ ಇಲ್ಲದೆ ಬರೀ ನೀರಿನಲ್ಲೇ ಟ್ಯಾಂಕ್ ಓಡಿತು. ಅಮೋನಿಯಂ ಕ್ಲೋರೈಡ್ ಹಾಕಿ ಬ್ಯಾಕ್ಟೀರಿಯಾ ಬೆಳೆಸಿದೆ. ಅಮೋನಿಯಾ ನೈಟ್ರೈಟ್ ಆಗಬೇಕು, ನೈಟ್ರೈಟ್ ನೈಟ್ರೇಟ್ ಆಗಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಒಂದೇ ದಿನದಲ್ಲಿ ಸೊನ್ನೆಗೆ ಇಳಿಯುವವರೆಗೆ ಕಾದೆ. ಚಳಿಗೆ 100 ವಾಟ್ ಹೀಟರ್ ಬೇಕಾಯಿತು.

ಫೆಬ್ರವರಿ, ಮಾರ್ಚ್: ಮೊದಲ ಜೀವಗಳು

ಕಂದು ಪಾಚಿ ಬಂತು, ಹೋಯಿತು. ಹೊಸ ಟ್ಯಾಂಕಿಗೆ ಅದು ಬರುವುದೇ. ಟರ್ಬೊ ಬಸವನಹುಳುಗಳು ಗಾಜಿನ ಮೇಲಿನ ಪಾಚಿ ತಿಂದು ಸ್ವಚ್ಛ ಮಾಡಿವೆ.

ಮೆದು ಹವಳ ಮಾತ್ರ ಸಾಕುತ್ತಿದ್ದೇನೆ: ಮಶ್ರೂಮ್, ಜೋವಾಂತಸ್, ಒಂದು ಲೆದರ್. ಬಿಲ್ ಕೊಡುವ ಅಂಗಡಿಯಿಂದ ಮಾತ್ರ. ಇವು ಕ್ಯಾಲ್ಸಿಯಂ ಹೆಚ್ಚು ಎಳೆಯುವುದಿಲ್ಲ, ವಾರಕ್ಕೆ ಹತ್ತು ಲೀಟರ್ ನೀರು ಬದಲಿಸಿದರೆ ಸಾಕು. ಜೋವಾಂತಸ್ ಮುಟ್ಟುವಾಗ ಕೈಗವಸು, ಕನ್ನಡಕ ಕಡ್ಡಾಯ. ಅವುಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಾರಿ ವಿಷ ಇರಬಹುದು. ಅವು ಅಂಟಿದ ಕಲ್ಲನ್ನು ಯಾವತ್ತೂ ಕುದಿಸಬಾರದು, ಆ ಆವಿಯೇ ಅಪಾಯ. ಮಕ್ಕಳಿರುವ ಮನೆಯವರು ದಯವಿಟ್ಟು ಗಮನಿಸಿ.

ಕ್ಲೌನ್ ಮೀನಿನ ಜೋಡಿ ಸಾಕಣೆಯಲ್ಲಿ ಹುಟ್ಟಿದ್ದು. ಮಂಡಪಂ, ವಿಳಿಂಜಂನಲ್ಲಿ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಈ ಮೀನಿನ ಮರಿ ಮಾಡಿಸುವ ವಿಧಾನ ರೂಪಿಸಿದ್ದಾರೆ. ಹೀಗಿರುವಾಗ ಸಮುದ್ರದಿಂದ ಹಿಡಿದ ಕ್ಲೌನ್ ಮೀನು ಕೊಳ್ಳುವ ಅಗತ್ಯವೇ ಇಲ್ಲ.

ಏಪ್ರಿಲ್, ಮೇ: ಬಿಸಿಲು

ಇದಕ್ಕಾಗಿಯೇ ಇಷ್ಟೆಲ್ಲ ಮಾಡಿದ್ದು.

ಹವಳದ ಬಣ್ಣ, ಊಟ ಎರಡೂ ಅದರ ಮೈಯೊಳಗಿನ ಸಣ್ಣ ಪಾಚಿಯಿಂದ. ನೀರು ಬಿಸಿಯಾಗಿ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಬೆಳ್ಳಗಾಗುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016ರಲ್ಲಿ ಆದದ್ದು ಇದೇ. ಅಷ್ಟು ದೊಡ್ಡ ಸಮುದ್ರದಲ್ಲೇ ಹೀಗಾದರೆ ನೂರು ಲೀಟರ್ ನೀರಿನ ಗತಿ ಏನು?

ಆದರೆ ನಮ್ಮ ಬಿಸಿಲು ಒಣ ಬಿಸಿಲು. ಅದೇ ನಮ್ಮ ದೊಡ್ಡ ಅನುಕೂಲ. ಕಲಬುರಗಿಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತೆ, ಮಂಗಳೂರಿನಲ್ಲಿ ಮಾಡಲ್ಲ. ಟ್ಯಾಂಕಿಗೂ ಅದೇ ನಿಯಮ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 0.67 ಯೂನಿಟ್ ಕರೆಂಟಿನಷ್ಟು ಶಾಖ ಹೊತ್ತೊಯ್ಯುತ್ತದೆ. ಟ್ಯಾಂಕ್ ಮೇಲೆ ಒಂದು, ಸಂಪ್ ಮೇಲೆ ಒಂದು ಸಣ್ಣ ಡಿಸಿ ಫ್ಯಾನ್ ಹಾಕಿದ್ದೇನೆ. ದಿನಕ್ಕೆ ನಾಲ್ಕು ಲೀಟರ್ ಹತ್ತಿರ ಆವಿಯಾಗುತ್ತದೆ. ಮೇ ನಡುವಿನಲ್ಲಿ ಕೋಣೆ 34 ಇದ್ದಾಗ ನೀರು 28ರ ಆಸುಪಾಸು ನಿಂತಿತು. ಹಿಂದೆ ಹಲಗೆ ಇಲ್ಲದ್ದರಿಂದ ಸಂಪಿನ ಹಸಿ ಗಾಳಿ ಹೊರಗೆ ಹೋಗುತ್ತಲೇ ಇತ್ತು. ಬಾಗಿಲು ತೆಗೆದು ಕೈ ಒಳಗೆ ಇಟ್ಟರೆ ತಂಪು ಗಾಳಿ ತಾಗುತ್ತದೆ, ಒಳಗಿನ ಪೈಪಿನ ಮೇಲೆ ತೇವದ ಪಸೆಯೂ ಇಲ್ಲ.

ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ಎರಡು ದಿನ ನೀರು ಸೇರಿಸದಿದ್ದರೆ 35 ಇದ್ದದ್ದು 37ರ ಮೇಲೆ ಹೋಗುತ್ತದೆ. ಅದಕ್ಕೇ ಸ್ಟ್ಯಾಂಡಿನಲ್ಲಿ 20 ಲೀಟರ್ ಡಬ್ಬಕ್ಕೆ ಮೊದಲೇ ಜಾಗ ಬಿಟ್ಟದ್ದು. ಸಂಪಿನ ಮಟ್ಟ ಇಳಿದರೆ ಸೆನ್ಸರ್ ನೋಡಿ ಸಣ್ಣ ಪಂಪ್ ಸಿಹಿನೀರು ಸೇರಿಸುತ್ತದೆ. ಊರಿಗೆ ಹೋದರೂ ನಾಲ್ಕು ದಿನ ನಿಶ್ಚಿಂತೆ.

"ಕುಡಿಯೋ ನೀರಿಗೇ ತ್ರಾಸ ಅದ, ಇದಕ್ಕ ದಿನಾ ನಾಲ್ಕು ಲೀಟರ್ ಬೇಕೇನೋ?" ಅಂದರು ಅವ್ವ. ನ್ಯಾಯವಾದ ಪ್ರಶ್ನೆ. ನಾಲ್ಕು ಲೀಟರ್ ಶುದ್ಧ ನೀರಿಗೆ ಆರ್‌ಒ ಅದರ ಎರಡು ಮೂರು ಪಟ್ಟು ನೀರು ಹೊರಗೆ ಬಿಡುತ್ತದೆ. ಆ ಪೈಪ್ ಈಗ ಒಂದು ಬಕೆಟಿಗೆ ಬರುತ್ತದೆ. ನೆಲ ಒರೆಸಲು, ಅಂಗಳ ತೊಳೆಯಲು ಅದೇ ನೀರು.

ಲೈಟು ಸಂಜೆ 4ರಿಂದ ರಾತ್ರಿ 12. ಬಿಸಿಲಿನ ಹೊತ್ತಿನಲ್ಲಿ ಲೈಟಿನ ಶಾಖವನ್ನೂ ಸೇರಿಸುವುದು ಬೇಡ. ಮನೆಮಂದಿಯೆಲ್ಲ ಇರುವ ಹೊತ್ತೂ ಅದೇ.

ಒಂದು ಸಂಜೆ ಗಾಳಿ ಮಳೆಗೆ ಕಂಬ ಬಿದ್ದು ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಆಗ ಮೊದಲು ಕೊರತೆಯಾಗುವುದು ಆಮ್ಲಜನಕ. ಸಮುದ್ರದ ನೀರು 25 ಡಿಗ್ರಿಯಲ್ಲಿ ಲೀಟರಿಗೆ 6.7 ಮಿಲಿಗ್ರಾಂ ಹಿಡಿದರೆ 30ರಲ್ಲಿ 6.2 ಮಾತ್ರ. ಮೇಲ್ಮೈ ಕದಡದಿದ್ದರೆ ಅದೂ ಖರ್ಚಾಗುತ್ತದೆ. 24 ವೋಲ್ಟಿನ ಅಲೆ ಪಂಪ್ ಮತ್ತು ಎರಡು ಫ್ಯಾನ್ ಮಾತ್ರ ಇನ್ವರ್ಟರ್ ಲೈನಿನಲ್ಲಿವೆ, ಉಳಿದದ್ದು ಯಾವುದೂ ಇಲ್ಲ. ಬೆಳಗಿನವರೆಗೆ ಬ್ಯಾಟರಿ ಬಂತು. ಲೆದರ್ ಹವಳ ಎರಡು ದಿನ ಮುದುಡಿಕೊಂಡಿತ್ತು, ಮೂರನೇ ದಿನ ಬೆರಳು ಬಿಟ್ಟಿತು. ಮೀನುಗಳು ಅವತ್ತು ಬೆಳಿಗ್ಗೆಯೇ ಕಾಳು ತಿಂದವು.

ಈಗ ಮುಂದೆ

ನೀರು ತಣ್ಣಗೆ ಮಾಡುವ ಯಂತ್ರ, ಚಿಲ್ಲರ್, ಇನ್ನೂ ಕೊಂಡಿಲ್ಲ, ಆದರೆ ಅದರ ಪೈಪಿಗೆ ಬದಿಯಲ್ಲಿ ತೂತು ಕೊರೆಸಿ ಮುಚ್ಚಳ ಹಾಕಿಟ್ಟಿದ್ದೇನೆ. ಕೊಂಡರೂ ಅದು ಸ್ಟ್ಯಾಂಡ್ ಹೊರಗೇ, ಕಿಟಕಿ ಹತ್ತಿರ, ಅದರ ಬಿಸಿ ಗಾಳಿ ಹೊರಗೆ ಹೋಗುವ ಹಾಗೆ. ಮಳೆ ಶುರುವಾದರೆ ಗಾಳಿಯಲ್ಲಿ ತೇವ ಏರುತ್ತದೆ, ಫ್ಯಾನಿನ ಬಲ ಇಳಿಯುತ್ತದೆ, ಕೋಣೆಯ ಬಿಸಿಯೂ ಇಳಿಯುತ್ತದೆ. ಎರಡರಲ್ಲಿ ಯಾವುದು ಬೇಗ ಇಳಿಯುತ್ತೆ ಅನ್ನೋದೇ ಜುಲೈನ ಲೆಕ್ಕ. ದಿನಾ ಬೆಳಿಗ್ಗೆ, ಮಧ್ಯಾಹ್ನ ನೀರಿನ ಡಿಗ್ರಿ, ಕೋಣೆಯ ಡಿಗ್ರಿ, ಡಬ್ಬದಲ್ಲಿ ಇಳಿದ ನೀರು ಮೂರನ್ನೂ ಬರೆದಿಡುತ್ತಿದ್ದೇನೆ. ಮುಂದಿನ ಕಂತಿನಲ್ಲಿ ಆ ಅಂಕಿಗಳನ್ನೇ ಹಾಕ್ತೀನಿ. ಬೀದರ್, ಯಾದಗಿರಿ ಕಡೆ ಯಾರಾದರೂ ಟ್ಯಾಂಕ್ ಇಟ್ಟಿದ್ದರೆ ನಿಮ್ಮ ಕೋಣೆಯ ಅಳತೆ ಕೊಡಿ, ಜೊತೆಗಿಟ್ಟು ನೋಡೋಣ.