ಚುಕ್ಕೆ ಜಾಸ್ತಿ ಆಯ್ತು

ತುಮಕೂರಿನ ಒಂದು ಸಣ್ಣ ಆಫೀಸಿನಲ್ಲಿ ನನ್ನ ಕೆಲಸ ಚುಕ್ಕೆ ಇಡುವುದು. ರಂಗೋಲಿಗಲ್ಲ. ಡ್ರೋನ್ ಫೋಟೋದಲ್ಲಿ ನಾವು ಚುಕ್ಕೆ ಇಟ್ಟಿದ್ದನ್ನು ನೋಡಿ ಕಂಪ್ಯೂಟರ್ ಎಣಿಸಲು ಕಲಿಯುತ್ತದೆ. ಮೊದಲು ಕಾರು, ಆಮೇಲೆ ತೆಂಗಿನಮರ, ಹೋದ ವರ್ಷ ಅಂಟಾರ್ಕ್ಟಿಕಾದ ಅಡೇಲಿ ಪೆಂಗ್ವಿನ್!

ಕಂಡ ಕಂಡ ಹಕ್ಕಿಗೆಲ್ಲ ಚುಕ್ಕೆ ಇಟ್ಟೆ. ಮೂರು ದಿನದ ಕೆಲಸ, ಪೂರ್ತಿ ವಾಪಸ್ ಬಂತು. ನಮ್ಮ ಮೇಡಂ ಹೇಳಿದ್ದು ಇಷ್ಟೇ: "ನೀವು ಹಕ್ಕಿ ಎಣಿಸಿದ್ದೀರ. ಫೋಟೋ ಕಳಿಸಿದವರು ಕೇಳಿದ್ದು ಸಂಸಾರ."

ಅಡೇಲಿ ಸಣ್ಣ ಕಲ್ಲು ಆಯ್ದು ತಂದು ಗೂಡು ಮಾಡುತ್ತದೆ. ಸಾಮಾನ್ಯವಾಗಿ ಎರಡು ಮೊಟ್ಟೆ. ಗಂಡು ಹೆಣ್ಣು ಸರದಿ ಮೇಲೆ ಕಾವು ಕೂರುತ್ತವೆ. ಒಂದು ಕೂತಾಗ ಇನ್ನೊಂದು ಸಮುದ್ರಕ್ಕೆ ಹೋಗಿರುತ್ತದೆ. ಹಾಗಾಗಿ ಗೂಡಿನ ಮೇಲೆ ಒಂದು ಹಕ್ಕಿ ಕಂಡರೆ ಅದು ಒಂದು ಜೋಡಿ. ಇನ್ನೂ ಜೋಡಿ ಸಿಗದೆ ಸುಮ್ನೆ ಅಡ್ಡಾಡುವ ಹುಡುಗರು ಲೆಕ್ಕಕ್ಕಿಲ್ಲ. ಆದರೆ ಮೇಲಿಂದ ಎಲ್ಲವೂ ಕರಿ ಚುಕ್ಕೆಯೇ ಅಲ್ವಾ? ನೆರಳು ನೋಡಿ ಅಂದರು ಮೇಡಂ. ನಿಂತ ಹಕ್ಕಿಯ ನೆರಳು ಉದ್ದ, ಕೂತದ್ದರದ್ದು ಗಿಡ್ಡ. ಗೂಡುಗಳ ನಡುವಿನ ಅಂತರವೂ ಹೆಚ್ಚುಕಮ್ಮಿ ಒಂದೇ. ಪಕ್ಕದ ಮನೆಯವರ ಕೊಕ್ಕು ತಾಗದಷ್ಟು!

ನಿಜವಾಗಿ ಅರ್ಥವಾಗಿದ್ದು ಮಾತ್ರ ಮಾರ್ಚಿನಲ್ಲಿ, ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ. ಅಲ್ಲಿ ಊರೊಳಗಿನ ಹುಣಸೆ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಎಷ್ಟು ಹಕ್ಕಿ ಇರಬಹುದು ಅಂತ ಒಬ್ಬ ಅಜ್ಜನನ್ನು ಕೇಳಿದೆ. "ಹಕ್ಕಿ ಬತ್ತವೆ ಹೋಯ್ತವೆ, ಅವನ್ನೆಲ್ಲಿ ಎಣಿಸ್ತೀಯಪ್ಪ? ಈ ಮರದಾಗೆ ಹದಿನಾರು ಗೂಡವೆ" ಅಂದರು. ಮೂರು ದಿನದ ನನ್ನ ತಪ್ಪು ಅವರಿಗೆ ಆಗುತ್ತಲೇ ಇರಲಿಲ್ಲ.

ಈಗ ಫೋಟೋ ತೆರೆದ ಕೂಡಲೇ ತಾರೀಖು ನೋಡುತ್ತೇನೆ. ಸ್ಕುವಾ ಹಕ್ಕಿ ಮೊಟ್ಟೆ ಕದ್ದರೆ ಆ ಜೋಡಿ ಗೂಡು ಬಿಡಬಹುದು. ತಡವಾಗಿ ತೆಗೆದ ಫೋಟೋದಲ್ಲಿ ಅವು ಬಂದೇ ಇರಲಿಲ್ಲ ಅನ್ನಿಸುತ್ತದೆ. ಅಂಟಾರ್ಕ್ಟಿಕಾದ ಡೇಂಜರ್ ದ್ವೀಪಗಳಲ್ಲಿ ಮೊದಲು ಉಪಗ್ರಹ ಚಿತ್ರದಲ್ಲಿ ಅಡೇಲಿಗಳ ಹಿಕ್ಕೆಯ ಕಲೆ ಕಂಡಿತ್ತು. 2015ರ ಡಿಸೆಂಬರಿನಲ್ಲಿ ವಿಜ್ಞಾನಿಗಳ ತಂಡವೇ ಹೋಗಿ, ನೆಲದ ಮೇಲೂ ಡ್ರೋನಿನಿಂದಲೂ ಎಣಿಸಿತು. 2018ರಲ್ಲಿ ಪ್ರಕಟವಾದ ಲೆಕ್ಕ 7,51,527. ಹಕ್ಕಿಯಲ್ಲ, ಜೋಡಿ. ಮೊದಲಾಗಿದ್ದರೆ ಆ ಪದವನ್ನು ನಾನು ಗಮನಿಸುತ್ತಲೇ ಇರಲಿಲ್ಲ.

ಹೋದ ವಾರ ಕಿಂಗ್ ಪೆಂಗ್ವಿನ್ ಫೋಟೋ ಬಂದಿವೆ. ಇವಕ್ಕೆ ಗೂಡೇ ಇಲ್ಲ! ಮೊಟ್ಟೆಯನ್ನು ಕಾಲ ಮೇಲೆ ಇಟ್ಟುಕೊಂಡು ನಿಲ್ಲುತ್ತವೆ. ಒಂದು ಮರಿ ಸಾಕಲು ವರ್ಷಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಒಂದೇ ಬಯಲಲ್ಲಿ ಮೊಟ್ಟೆಯೂ ಇರಬಹುದು, ಅಪ್ಪನಷ್ಟೇ ಎತ್ತರದ ಕಂದು ಮರಿಯೂ ಇರಬಹುದು. ದಕ್ಷಿಣ ಹಿಂದೂ ಮಹಾಸಾಗರದ ಕ್ರೋಜೆ ದ್ವೀಪಸಮೂಹದ ಹಂದಿ ದ್ವೀಪದಲ್ಲಿ 1980ರ ದಶಕದಲ್ಲಿ ಸುಮಾರು 5 ಲಕ್ಷ ಜೋಡಿ ಇದ್ದವು, ಆಮೇಲೆ ಸುಮಾರು 60 ಸಾವಿರಕ್ಕೆ ಇಳಿದವು. ಅದು ಗೊತ್ತಾಗಿದ್ದು ಹಕ್ಕಿಗಳು ನಿಂತ ಜಾಗ ಅಳೆದು. ಅವು ಬಿಟ್ಟ ಅಂಚಿನಲ್ಲಿ ಮತ್ತೆ ಹಸಿರು ಬೆಳೆದಿತ್ತು.

ಈ ಸಲ ಒಂದು ಚುಕ್ಕೆಯನ್ನೂ ಇಡುವ ಮೊದಲೇ ಮೇಡಂ ಹತ್ತಿರ ಹೋಗಿ ಕೇಳಿದೆ, ಮರಿಗೆ ಇಡೋದಾ ಬೇಡ್ವಾ ಅಂತ. "ನಾನೂ ಅದನ್ನೇ ಬರೆದು ಕೇಳಿದ್ದೀನಿ, ಉತ್ತರ ಬರಲಿ" ಅಂದರು. ಅಲ್ಲಿಯವರೆಗೆ ಮತ್ತೆ ತೆಂಗಿನಮರ.