ತ್ರೀ ಫೇಸ್ ಅಲಾರ್ಮ್, ಮೂರನೇ ವಾರ: ಸಬ್ಜೆಕ್ಟ್ ಸಾಲಿನ ಕಿರಿಕಿರಿ

ತೋಟದ ಪಂಪ್‌ಹೌಸಿಗೆ ತ್ರೀ ಫೇಸ್ ಬಂದ ಕೂಡಲೇ ನನಗೂ ಅಣ್ಣನಿಗೂ ಇಮೇಲ್ ಬರಬೇಕು. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್, ಅದರಲ್ಲಿ ಓಡುವ ಪ್ರೋಗ್ರಾಂ ಭಾಷೆ ಮೈಕ್ರೋಪೈಥಾನ್. ವೈರಿಂಗ್ ಹೋದ ವಾರವೇ ಮುಗಿದಿತ್ತು. ಈ ವಾರ ಪೂರ್ತಿ ತಿಂದದ್ದು ಸಬ್ಜೆಕ್ಟ್ ಸಾಲು.

ಮೊದಲು ಕನ್ನಡವನ್ನು ಹಾಗೇ ಕಳಿಸಿದೆ. ಬಂದದ್ದು ಬರೀ ಕಸ. 1982ರ ಇಮೇಲ್ ನಿಯಮದಲ್ಲಿ ಹೆಡರ್ (ಸಬ್ಜೆಕ್ಟ್, ಕಳಿಸುವವರ ಹೆಸರು ಇರುವ ತಲೆಭಾಗ) ಅಂದರೆ ಆಸ್ಕಿ ಮಾತ್ರ, ಅಂದರೆ ಬರೀ ಇಂಗ್ಲಿಷ್ ಅಕ್ಷರ, ಅಂಕಿ, ಕೆಲವು ಚಿಹ್ನೆ. ಫ್ರೆಂಚರ é ತರಹದ ತಲೆಗೆರೆ ಅಕ್ಷರಕ್ಕೇ ಅಲ್ಲಿ ಜಾಗವಿಲ್ಲ, ಇನ್ನು ನಮ್ಮ ಒತ್ತಕ್ಷರಕ್ಕೆ ಎಲ್ಲಿಂದ? ದಾರಿ ಸಿಕ್ಕಿದ್ದು 1996ರ ಆರ್‌ಎಫ್‌ಸಿ 2047 ಎಂಬ ಇಂಟರ್ನೆಟ್ ನಿಯಮಪತ್ರದಲ್ಲಿ. ಪಠ್ಯವನ್ನು =? ಮತ್ತು ?= ನಡುವೆ ಆಸ್ಕಿಯಾಗಿ ಸುತ್ತಿ ಕಳಿಸುವುದು. ಸುತ್ತಲು ಎರಡು ವಿಧಾನ, ಕ್ಯೂ ಮತ್ತು ಬಿ. ಎಲ್ಲ ಭಾಷೆಯ ಅಕ್ಷರಗಳನ್ನೂ ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಚಿಹ್ನೆ (ಮೂಲ ಅಕ್ಷರವೋ, ಎತ್ವದಂಥ ಗುರುತೋ) 3 ಬೈಟ್. ಕ್ಯೂನಲ್ಲಿ ಅದು 9 ಅಕ್ಷರವಾಗುತ್ತದೆ, ಬಿ ಅಂದರೆ ಬೇಸ್64ರಲ್ಲಿ ನಾಲ್ಕೇ. ಅಲ್ಲೊಂದು ಇಲ್ಲೊಂದು ಗೆರೆ ಇರುವ ಫ್ರೆಂಚಿಗೆ ಕ್ಯೂ ಸಾಕು. ನಮಗೆ ಬಿ.

ಹೀಗೆ ಸುತ್ತಿದ ಒಂದು ತುಂಡು 75 ಅಕ್ಷರ ಮೀರಬಾರದು. ಸುತ್ತುವ ಗುರುತಿಗೇ (ಮುಂದೆ =?UTF-8?B?, ಹಿಂದೆ ?=) 12 ಹೋಯಿತು. 3 ಬೈಟಿಗೆ 4 ಅಕ್ಷರದ ಲೆಕ್ಕದಲ್ಲಿ ಉಳಿದ 63ರಲ್ಲಿ 45 ಬೈಟ್ ಹಿಡಿಯುತ್ತದೆ. ಸರಿ, 45ಕ್ಕೊಮ್ಮೆ ಕತ್ತರಿಸಿದೆ. 'ಕ' 20 ಸಲ ಒತ್ತಿ ನೋಡಿದೆ, ಪಾಸ್! ನಿಜವಾದ ಸಾಲು ಹಾಕಿದೆ: "ತೋಟಕ್ಕೆ 3 ಫೇಸ್ ಕರೆಂಟ್ ಬಂದಿದೆ". ನನ್ನ ಫೋನಿನಲ್ಲಿ ಸರಿಯಾಗಿಯೇ ಕಂಡಿತು. ಅಣ್ಣನ ಫೋನಿನಲ್ಲಿ ಕರೆಂಟಿನ 'ರೆ'ಯಲ್ಲಿ ಎತ್ವದ ಜಾಗದಲ್ಲಿ ಪ್ರಶ್ನೆಚಿಹ್ನೆಗಳು.

ಎರಡು ಸಂಜೆ ಹೋಯಿತು. 45 ಮೂರರಿಂದ ಭಾಗವಾಗುತ್ತದಲ್ವಾ, ಅದಕ್ಕೇ ಬರೀ 'ಕ' ಇದ್ದಾಗ ಪಾಸಾದದ್ದು. ನಿಜವಾದ ಸಾಲಿನಲ್ಲಿ ಖಾಲಿ ಜಾಗವೂ 3 ಎಂಬ ಅಂಕಿಯೂ ಒಂದೊಂದೇ ಬೈಟ್. ಲೆಕ್ಕ ಜಾರಿ ಕತ್ತರಿ ಸೀದಾ 'ರೆ'ಯ ಎತ್ವದ ಮಧ್ಯೆ ಬಿತ್ತು. ನನ್ನ ಆ್ಯಪ್ ಬೈಟುಗಳನ್ನು ಮೊದಲು ಜೋಡಿಸಿ ಆಮೇಲೆ ಓದುತ್ತದೆ, ಅಣ್ಣನದು ತುಂಡು ತುಂಡಾಗಿ ಓದುತ್ತದೆ. ಒಂದು ಚಿಹ್ನೆಯನ್ನು ಎರಡು ತುಂಡಿಗೆ ಹಂಚಬಾರದು ಎಂದು ನಿಯಮದಲ್ಲೇ ಬರೆದಿದೆ. ಓದದೇ ಇದ್ದದ್ದು ನಾನು.

ಈಗ ಪದ ಮುಗಿದಲ್ಲೇ ಕತ್ತರಿಸುತ್ತೇನೆ. ಅದರಲ್ಲೂ ಒಂದು ಎಡವಟ್ಟಾಯಿತು. ಅಕ್ಕಪಕ್ಕದ ಎರಡು ತುಂಡುಗಳ ನಡುವಿನ ಖಾಲಿ ಜಾಗವನ್ನು ಓದುವವರು ಬಿಸಾಕಬೇಕು, ಅದೂ ನಿಯಮವೇ. ಹಾಗಾಗಿ 'ಫೇಸ್' ಹೋಗಿ 'ಕರೆಂಟ್'ಗೆ ಅಂಟಿ 'ಫೇಸ್ಕರೆಂಟ್' ಆಯಿತು, ಒತ್ತಕ್ಷರ ಸಮೇತ! ಅಣ್ಣ ಫೋನ್ ಮಾಡಿ, "ಅದೆಂಥದೋ ಸ್ಕರೆಂಟು ಮಾರಾಯ?" ಅಂದ. ಖಾಲಿ ಜಾಗವನ್ನು ಮೊದಲ ತುಂಡಿನ ಒಳಗೇ ಸೇರಿಸಿದೆ. ಸರಿಹೋಯಿತು.

ಇನ್ನು ಕಳಿಸುವವರ ಹೆಸರಿನ ಜಾಗದಲ್ಲಿ 'ಪಂಪ್‌ಹೌಸ್' ಎಂದು ಕನ್ನಡದಲ್ಲಿ ಬರಬೇಕು. ಅಲ್ಲಿ ಹೆಸರನ್ನು ಮಾತ್ರ ಸುತ್ತಬೇಕು, ವಿಳಾಸವನ್ನು ಮುಟ್ಟುವಂತಿಲ್ಲ. ಭಾನುವಾರ ನೋಡುತ್ತೇನೆ.